ಇಳಿಜಾರಿನಲ್ಲಿ ನಿಲ್ಲುವುದು

ಸೋಪು ಹಚ್ಚಿ ಮುಖ ತೊಳೆಯುವಾಗ ನಾನು ಇವತ್ತಿಗೂ ಒಂದು ಕೈಯನ್ನು ಗೋಡೆಗೆ ಊರಿಕೊಂಡಿರುತ್ತೇನೆ. ಕಣ್ಣು ಮುಚ್ಚಿದ ಕೂಡಲೇ ನೆಲ ಯಾವ ಕಡೆಗಿದೆ ಎಂಬುದು ನನ್ನ ಮೈಗೆ ಮರೆತುಹೋಗುತ್ತದೆ. ತಲೆಸುತ್ತು ಎಂದುಕೊಳ್ಳುತ್ತಾರೆ ಜನ. ಏನೂ ಸುತ್ತುವುದಿಲ್ಲ. ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವಂಥದ್ದು ಏನೋ ಒಂದು ಎಲ್ಲರ ಕಿವಿಯ ಒಳಗೂ ಇರುತ್ತದಂತೆ. ನನ್ನಲ್ಲಿ ಅದು ಸತ್ತುಹೋಗಿದೆ. ಕ್ಷಯಕ್ಕೆಂದು ಕೊಟ್ಟ ಇಂಜೆಕ್ಷನ್ ನನ್ನ ಎದೆಯನ್ನು ಉಳಿಸಿತು, ಅದನ್ನು ಕೊಂದಿತು. ಹೀಗಾದವರು ನಾನೊಬ್ಬನೇ ಅಲ್ಲ. ಕೆಲವರಿಗೆ ತಮಗೆ ಏನಾಗಿದೆ ಎಂದು ಹೇಳುವವರೂ ಸಿಕ್ಕಿರುವುದಿಲ್ಲ. ಅಂಥವರ ಕೈಗೆ ಸಿಕ್ಕರೆ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಓಕಳಿಪುರದವನು, ಹೆಸರು ನಾಗರಾಜ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ತೀರಿಕೊಂಡವರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ಅಮ್ಮ ಅದರ ಪಕ್ಕದಲ್ಲೇ ಊರದೇವತೆ ಅಣ್ಣಮ್ಮನದನ್ನೂ ನೇತುಹಾಕಿದ್ದಳು, ಅಪ್ಪ ಬೇಡವೆಂದಿರಲಿಲ್ಲ. ಶೇಷಾದ್ರಿಪುರ ದಾಟಿ ಸ್ವಲ್ಪ ನಡೆದರೆ ಗಾಲ್ಫ್ ಮೈದಾನ. ನಮ್ಮ ಬೀದಿಯ ಎಷ್ಟೋ ಗಂಡಸರು ಅಲ್ಲಿ ಕ್ಯಾಡಿಗಳಾಗಿ, ಆಡಲು ಬರುವ ಸದಸ್ಯರ ಕೋಲುಗಳ ಚೀಲ ಹೊತ್ತವರು. ನಾನೂ ಹೊತ್ತೆ. ಸೋಮವಾರ ಸದಸ್ಯರು ಬರುತ್ತಿರಲಿಲ್ಲ, ಅವತ್ತು ಮೈದಾನ ನಮ್ಮದು. ಹಾಗೆ ಆಡುತ್ತಾ ಆಡುತ್ತಾ, ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ನಾನು ಚೀಲ ಹೊರುವುದನ್ನು ಬಿಟ್ಟು ಆಟವನ್ನೇ ಕಸುಬು ಮಾಡಿಕೊಂಡಿದ್ದೆ. ಕಲ್ಕತ್ತಾ, ದೆಹಲಿಯ ಪಂದ್ಯಗಳಿಗೂ ಹೋಗಿಬಂದಿದ್ದೆ.

ಸಪಾಟು ನೆಲದಲ್ಲಿ ನನಗಿಂತ ದೂರ ಹೊಡೆಯುವವರು ಬೇಕಾದಷ್ಟು ಜನರಿದ್ದರು. ನನ್ನ ಹೆಸರು ಇದ್ದದ್ದು ವಕ್ರ ಜಾಗಗಳಲ್ಲಿ. ಚೆಂಡು ದಿಬ್ಬದ ಓರೆಯಲ್ಲಿ ನಿಂತು, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ಹೊಡೆಯಬೇಕಾದಾಗ, ಮರದ ಬೇರುಗಳ ನಡುವೆ ಕಾಲಿಡಲು ಜಾಗ ಹುಡುಕಬೇಕಾದಾಗ, ಉಳಿದವರು ಗೊಣಗುತ್ತಿದ್ದರು, ನನಗೆ ಖುಷಿಯಾಗುತ್ತಿತ್ತು. ನನ್ನ ಜೊತೆಗೇ ಕ್ಯಾಡಿಯಾಗಿದ್ದು ಜೊತೆಗೇ ಆಟಗಾರನಾದ ದೊರೆಸ್ವಾಮಿ, "ನೀನು ಮೇಕೆ ಕಣೋ ನಾಗ, ಎಲ್ಲಿ ಬೇಕಾದ್ರೂ ನಿಂತ್ಕೋತೀಯ" ಎನ್ನುತ್ತಿದ್ದ.

ಆ ದಶಕದ ಕೊನೆಯ ಹೊತ್ತಿಗೆ, ಒಂದು ವರ್ಷ ಮಳೆಗಾಲ ಮುಗಿದರೂ ನನ್ನ ಕೆಮ್ಮು ಹೋಗಲಿಲ್ಲ. ಸಂಜೆಯಾದರೆ ಸಣ್ಣ ಜ್ವರ, ಅಂಗಿಯ ಕಾಲರು ಸಡಿಲ. ಅಮ್ಮ ಮೆಣಸಿನ ಕಷಾಯ ಕುಡಿಸಿದಳು. ಒಂದು ಬೆಳಿಗ್ಗೆ ಮೈದಾನದ ದೊಡ್ಡ ದಿಬ್ಬದ ಮೇಲೆ ಚೆಂಡು ಹೊಡೆದವನೇ ಕೆಮ್ಮಿ ಬಗ್ಗಿದೆ. ಚೆಂಡು ಹೊಡೆಯುವ ಕ್ಲಬ್ಬನ್ನು ಒರೆಸುವ ಟವಲಿನಲ್ಲಿ ಬಾಯಿ ಒರೆಸಿಕೊಂಡರೆ ರಕ್ತ. ದೊರೆಸ್ವಾಮಿ ನೋಡಿದ. ಟವಲನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡ. "ನಾಳೆ ಆಸ್ಪತ್ರೆಗೆ ಹೋಗ್ತಿದೀವಿ" ಎಂದ. ನಾನು ಇನ್ನೂ ಆಡಬೇಕಾದ ಪಂದ್ಯದ ಹೆಸರು ಹೇಳಿದೆ. ಅವನು ಆಗಲೇ ನನ್ನ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದ.

ಎಕ್ಸ್‌ರೇ ಬಂತು, ಕಫದ ಪರೀಕ್ಷೆ ಬಂತು. ಟಿ.ಬಿ. ಎಂದರು.

ಅಮ್ಮನ ತಂಗಿ ಅದರಲ್ಲೇ ಸತ್ತಿದ್ದಳು. ಅಮ್ಮ ನನ್ನ ತಟ್ಟೆ, ಲೋಟ, ಚಾಪೆ ಬೇರೆ ಮಾಡಿದಳು. ತಟ್ಟೆಯನ್ನು ಹಿತ್ತಲ ಗೋಡೆಯ ಮೇಲೆ ಒಣಗಲು ಇಡುವಾಗ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ನನ್ನ ಹೆಂಡತಿ ಕಮಲಳ ತವರು ಮಾವಳ್ಳಿ. ಅವಳ ಅಣ್ಣ ವೆಂಕಟೇಶ ಬಂದು ಹೊಸ್ತಿಲಾಚೆಯೇ ನಿಂತು, ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಹೋಗುತ್ತೇನೆಂದ. ನಮ್ಮ ಮಗಳು ಶಶಿಗೆ ಆಗ ಮೂರು ವರ್ಷ. ಕಮಲ ಮಗಳ ಬಟ್ಟೆ ಕಟ್ಟಿಕೊಂಡು ಅಣ್ಣನ ಜೊತೆ ಹೊರಟಳು. ಅವರು ತಿರುವು ದಾಟುವವರೆಗೂ ನಾನು ಕಿಟಕಿಯಲ್ಲಿ ನಿಂತಿದ್ದೆ.

ಸಂಜೆ ಕಮಲ ಒಬ್ಬಳೇ ವಾಪಸು ಬಂದಳು.

"ನೀನ್ಯಾಕವ್ವ ಬಂದೆ?" ಎಂದಳು ಅಮ್ಮ.

"ಅಡುಗೆ ಯಾರು ಮಾಡ್ತಾರೆ ಅತ್ತೆ" ಎಂದು ಕಮಲ ಒಲೆ ಹಚ್ಚಲು ಹೋದಳು.

ಇಂಜೆಕ್ಷನ್‌ಗೆ ದಿನಾ ಆಸ್ಪತ್ರೆಗೆ ಹೋಗಬೇಕಿತ್ತು. ಉದ್ದನೆಯ ಹಜಾರ, ಗೋಡೆಗೊರಗಿಸಿದ ಬೆಂಚುಗಳು, ಮೂಲೆಯಲ್ಲಿ ಉಗುಳಲು ಮುಚ್ಚಳದ ಡಬ್ಬ. ಎಲ್ಲರ ಬಾಯಿಗೂ ಟವಲು ಇಲ್ಲವೇ ಸೆರಗು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಪರಿಚಯದವರು ಸಿಕ್ಕಿಬಿಟ್ಟಾರು ಎಂಬ ಭಯ. ಮಲ್ಲೇಶ್ವರದ ಕಡೆಯ ಒಬ್ಬ ಯಜಮಾನರು ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡೇ ಬಾಗಿಲವರೆಗೆ ಬರುತ್ತಿದ್ದರು.

ಅಲ್ಲಿ ನನ್ನೊಡನೆ ಮೊದಲು ಮಾತಾಡಿದವರು ರುದ್ರಪ್ಪನವರು. ಸುಲ್ತಾನ್‌ಪೇಟೆಯಲ್ಲಿ ಅವರದು ಮದುವೆ ಕಾರ್ಡಿನ ಅಂಗಡಿ. ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ. ಅಂಗಡಿಗೆ ಬರುವವರಿಗೆ ತಮಗಿರುವುದು ಸಕ್ಕರೆ ಕಾಯಿಲೆ ಎಂದು ಹೇಳಿಕೊಂಡಿದ್ದರು.

"ಟಿ.ಬಿ. ಇರೋನ ಕೈಲಿ ಯಾರು ಲಗ್ನಪತ್ರಿಕೆ ತಗೋತಾರೆ ಹೇಳು ತಮ್ಮಾ" ಎಂದರು. ನಾನು ಕೆಮ್ಮು ತಡೆದುಕೊಳ್ಳುವುದನ್ನು ನೋಡಿ, "ಕೆಮ್ಮು, ಕೆಮ್ಮು. ಇಲ್ಲಿ ಎಲ್ಲಾ ನಮ್ಮ ಬಳಗಾನೇ" ಎಂದರು. ಆ ದಿನದಿಂದ ಬೆಂಚಿನ ಮೇಲೆ ನನಗೆ ಜಾಗ ಹಿಡಿದಿಡುತ್ತಿದ್ದರು. ಗಾಲ್ಫ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಚೆಂಡನ್ನು ಹೊಡೆದು, ಬಾವುಟ ನೆಟ್ಟ ಕುಳಿ ಸೇರುವವರೆಗೂ ಅದರ ಹಿಂದೆಯೇ ನಡೆದುಕೊಂಡು ಹೋಗುವ ಆಟ ಎಂದು ವಿವರಿಸಿದೆ. "ಅದಕ್ಕೆ ದುಡ್ಡು ಕೊಡ್ತಾರಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು.

ಜ್ವರ ಇಳಿಯಿತು. ಹಸಿವು ಬಂತು. ಮೈ ತುಂಬಿಕೊಳ್ಳತೊಡಗಿದ್ದ ಆ ದಿನಗಳಲ್ಲೇ ಕಿವಿಯಲ್ಲಿ ಜೀರುಂಡೆಯಂಥ ಒಂದು ಸಣ್ಣ ಸದ್ದು ಶುರುವಾಯಿತು. ಆಮೇಲೆ ರಸ್ತೆ ಕುಣಿಯತೊಡಗಿತು. ನಡೆಯುವಾಗ ಅಂಗಡಿಗಳ ಬೋರ್ಡು, ಎದುರು ಬರುವವರ ಮುಖ ಎಲ್ಲವೂ ನನ್ನ ಹೆಜ್ಜೆ ಹೆಜ್ಜೆಗೂ ಮೇಲೆ ಕೆಳಗೆ ಜಿಗಿಯುತ್ತಿದ್ದವು. ನಿಂತರೆ ಅವೂ ನಿಲ್ಲುತ್ತಿದ್ದವು. ಬಸ್ಸಿನ ನಂಬರು ಓದಬೇಕಾದರೆ ಕಂಬ ಹಿಡಿದು ನಿಲ್ಲಬೇಕಾಯಿತು.

ಇಂಜೆಕ್ಷನ್ ಕೊಡುವವನಿಗೆ ಹೇಳಿದೆ. "ನಿಶ್ಶಕ್ತಿ, ಮೊಟ್ಟೆ ತಿನ್ನಿ" ಎಂದು ಸೂಜಿ ಚುಚ್ಚಿದ. ಮತ್ತೊಮ್ಮೆ ಹೇಳಲು ನನಗೆ ಧೈರ್ಯವಾಗಲಿಲ್ಲ. ಔಷಧಿ ನಿಲ್ಲಿಸಿಬಿಟ್ಟರೆ? ಚಿಕ್ಕಮ್ಮನ ಕೊನೆಯ ದಿನಗಳನ್ನು ನಾನು ಕಂಡಿದ್ದೆ. ಬದುಕಿದರೆ ಸಾಕು ಎಂದು ಮೊಟ್ಟೆ ತಿಂದೆ.

ಒಂದು ಭಾನುವಾರ ಬಚ್ಚಲಲ್ಲಿ ತಲೆಗೆ ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿಕೊಂಡೆ. ಮರುಕ್ಷಣ ಹಂಡೆಯ ಅಂಚು ನನ್ನ ಹುಬ್ಬಿಗೆ ಬಡಿದಿತ್ತು. ಎದ್ದೆ, ಕಣ್ಣುರಿಗೆ ಮತ್ತೆ ಮುಚ್ಚಿದೆ, ಮತ್ತೆ ಬಿದ್ದೆ. ಸದ್ದು ಕೇಳಿ ಕಮಲ ಬಂದಳು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಮಗುವಿಗೆ ನೀರು ಹೊಯ್ಯುವ ಹಾಗೆ ನೀರು ಹೊಯ್ದಳು. ಹುಬ್ಬಿನ ರಕ್ತ ನೀರಿನ ಜೊತೆ ಹೋಗುತ್ತಿತ್ತು.

ಮಾರನೆಯ ದಿನ ಗಾಯ ನೋಡಿ ರುದ್ರಪ್ಪನವರು ನನ್ನನ್ನು ಬಿಡಲಿಲ್ಲ. ತಾವೇ ಕೈಹಿಡಿದು ದೊಡ್ಡ ಡಾಕ್ಟರಮ್ಮನ ಕೋಣೆಯ ಮುಂದೆ ನಿಲ್ಲಿಸಿದರು. "ಇವತ್ತು ಹೇಳ್ದೆ ಇದ್ರೆ ನಾನೇ ಒಳಗೆ ಹೋಗಿ ಹೇಳ್ತೀನಿ" ಎಂದರು.

ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. "ಕಾಲು ಜೋಡಿಸಿ ನಿಂತ್ಕೊಳ್ಳಿ. ಈಗ ಕಣ್ಣು ಮುಚ್ಚಿ" ಎಂದರು. ಮುಚ್ಚಿದೆ. ಅವರು ನನ್ನ ತೋಳು ಹಿಡಿಯದಿದ್ದರೆ ಮೇಜಿನ ಮೇಲೆ ಬೀಳುತ್ತಿದ್ದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕೇಸ್ ಷೀಟು ಎಳೆದುಕೊಂಡರು.

"ಯಾವಾಗಿಂದ?"

"ಕೆಲವು ವಾರ ಆಯ್ತು ಮೇಡಂ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನಿಶ್ಶಕ್ತಿ ಅಂದ್ರು."

ಯಾರು ಅಂದರು ಎಂದು ಅವರು ಕೇಳಲಿಲ್ಲ. ನನ್ನ ಕೇಸ್ ಷೀಟಿನ ಮೇಲೆ ಒಂದು ಸಾಲನ್ನು ಗೀಟೆಳೆದು ಹೊಡೆದು ಹಾಕಿದರು. "ಇವತ್ತಿಂದ ಈ ಇಂಜೆಕ್ಷನ್ ಬೇಡ. ಮಾತ್ರೆ ಬದಲಾಯಿಸ್ತೀನಿ. ನಿಮ್ಮ ಟಿ.ಬಿ. ವಾಸಿಯಾಗುತ್ತೆ, ಅದರ ಭಯ ಬಿಡಿ."

"ಇದು?"

"ಇದು ಔಷಧಿಯಿಂದ ಆಗಿರೋದು. ಹೋಗಿದ್ದು ವಾಪಸ್ ಬರಲ್ಲ." ನನ್ನ ಮುಖ ನೋಡಿಯೇ ಹೇಳಿದರು. "ಕಣ್ಣು, ಕಾಲು ಸೇರಿ ಅದರ ಕೆಲಸಾನ ಸ್ವಲ್ಪ ಕಲ್ತ್ಕೊಳ್ತವೆ. ಎಲ್ಲಾ ಅಲ್ಲ. ಟೈಮ್ ಹಿಡಿಯುತ್ತೆ. ಏನು ಕೆಲಸ ಮಾಡ್ತೀರಿ ನೀವು?"

"ಗಾಲ್ಫ್ ಆಡ್ತೀನಿ ಮೇಡಂ."

ಅವರು ಪೆನ್ನು ಕೆಳಗಿಟ್ಟರು. ಸುಳ್ಳು ಸಮಾಧಾನ ಹೇಳಲಿಲ್ಲ. ಆ ವರ್ಷಗಳಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರಗಳಲ್ಲಿ ಅದೂ ಒಂದು ಎಂದು ಈಗ ಅನ್ನಿಸುತ್ತದೆ. ಅವತ್ತು ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಆ ರಕ್ತ ಕಾರಿಕೊಂಡೇ ಸತ್ತಿದ್ದರೆ ವಾಸಿಯಿತ್ತು ಎಂದುಕೊಂಡೆ.

ಕಫದಲ್ಲಿ ರೋಗವಿಲ್ಲ ಎಂದು ತಿಳಿದ ದಿನ ಅಮ್ಮ ಅಣ್ಣಮ್ಮನಿಗೆ ತಂಬಿಟ್ಟಿನ ಆರತಿ ಕೊಂಡುಹೋದಳು. ನನ್ನ ತಟ್ಟೆ ಮತ್ತೆ ಎಲ್ಲರ ತಟ್ಟೆಗಳ ಜೊತೆ ಸೇರಿತು. ಆದರೆ ನಾನು ಬೀದಿಗೆ ಇಳಿದರೆ ಕಾಲು ಅಗಲಿಸಿ, ಗೋಡೆಯಿಂದ ಗೋಡೆಗೆ ವಾಲುತ್ತಾ ನಡೆಯುತ್ತಿದ್ದೆ. ಮುಸ್ಸಂಜೆ ಬೆಳಕು ಕಡಿಮೆಯಾದರೆ ಅದೂ ಆಗುತ್ತಿರಲಿಲ್ಲ. ನೋಡಿದವರಿಗೆ ಇದರ ಅರ್ಥ ಒಂದೇ. ಮೆಜೆಸ್ಟಿಕ್ಕಿನಲ್ಲಿ ಒಬ್ಬ ಪೊಲೀಸು, "ಬೆಳಿಗ್ಗೆ ಬೆಳಿಗ್ಗೇನೇ ಶುರು ಮಾಡ್ಕೊಂಡ್ಯಾ?" ಎಂದು ಲಾಠಿಯಿಂದ ಪಕ್ಕಕ್ಕೆ ತಳ್ಳಿದ. ಕಂಡಕ್ಟರುಗಳು ಹತ್ತಿಸಿಕೊಳ್ಳುತ್ತಿರಲಿಲ್ಲ.

ಶಶಿಯನ್ನು ಮನೆಗೆ ಕರೆತರಲು ಕಮಲ ಹೇಳಿಕಳಿಸಿದಳು. ವೆಂಕಟೇಶ ಒಬ್ಬನೇ ಬಂದ. ನಾನು ಎದ್ದು ನಿಂತವನು ತಡವರಿಸಿ ಬಾಗಿಲ ಚೌಕಟ್ಟು ಹಿಡಿದೆ. ಅವನು ಹತ್ತಿರ ಬಂದು ನನ್ನ ಬಾಯಿ ಮೂಸಿದ.

"ಏನಣ್ಣಾ ಇದು" ಎಂದಳು ಕಮಲ.

"ವಾಸ್ನೆ ಬರದೇ ಇರೋದೂ ಇರ್ತವೆ ಕಮಲ. ಊರೆಲ್ಲಾ ಮಾತಾಡ್ತಿದೆ. ಈ ಸ್ಥಿತೀಲಿ ಹೆಣ್ಮಗೂನ ನಾನು ಕಳ್ಸಲ್ಲ" ಎಂದು ಹೊರಟುಹೋದ. ಅವನು ಕೆಟ್ಟವನಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಆ ಮೂಸುವಿಕೆಯನ್ನು ನಾನು ಮರೆತಿಲ್ಲ.

ನಾನು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟೆ. ಹಾಗಿರುವಾಗ ರುದ್ರಪ್ಪನವರು ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂತು. ಕಮಲಳ ಭುಜ ಹಿಡಿದುಕೊಂಡು ಚಾಮರಾಜಪೇಟೆಯ ಅವರ ಮನೆಗೆ ಹೋದೆ. ನನಗೆ ಹಿಡಿದ ಔಷಧಿ ಅವರಿಗೆ ಹಿಡಿದಿರಲಿಲ್ಲ. ದಿಂಬುಗಳಿಗೆ ಒರಗಿ ಕೂತಿದ್ದರು, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ನಂಗೂ ಅದೇ ಇಂಜೆಕ್ಷನ್ನೇ ತಮ್ಮಾ" ಎಂದರು. "ನಿಂತ್ರೆ ಈಗ್ಲೂ ನೆಟ್ಟಗೆ ನಿಲ್ತೀನಿ. ಉಸಿರಿಲ್ಲ, ಅಷ್ಟೇ."

ಜಾರಿದ್ದ ದಿಂಬೊಂದನ್ನು ನಾನು ಅವರ ಬೆನ್ನಿಗೆ ಸರಿಮಾಡಿದೆ.

"ಮನೇಲೇ ಇರ್ತೀಯಂತಲ್ಲ. ಬಿದ್ರೆ ಬೀಳು. ಬೀಳೋಕಾದ್ರೂ ಹೊರಗೆ ಹೋಗು."

ಆ ತಿಂಗಳು ಮುಗಿಯುವುದರೊಳಗೆ ಅವರು ಹೋದರು. ಮಗ ಅಂಗಡಿಯ ಬಾಗಿಲು ಹಾಕದೆ ನಡೆಸಿದ. ಸಕ್ಕರೆ ಕಾಯಿಲೆಯಿಂದ ಹೋದರೆಂದೇ ಮನೆಯವರು ಎಲ್ಲರಿಗೂ ಹೇಳಿದರು. ನಾನೂ ಹಾಗೇ ಹೇಳಿದೆ.

ಮುಂದಿನ ಸೋಮವಾರ ನಾನೇ ದೊರೆಸ್ವಾಮಿಯನ್ನು ಕರೆದು ಮೈದಾನಕ್ಕೆ ಹೋದೆ. ಮೊದಲ ಹೊಡೆತಕ್ಕೇ ಕ್ಲಬ್ಬಿನ ಜೊತೆ ನಾನೂ ತಿರುಗಿ ಅಂಗಾತ ಬಿದ್ದೆ. ಎರಡನೆಯದಕ್ಕೂ ಅದೇ. ದೊರೆಸ್ವಾಮಿ ನಗಲಿಲ್ಲ. ಹುಲ್ಲಿನ ಮೇಲೆ ಕೂತು ಬೀಡಿ ಹಚ್ಚಿ, "ಯಾವಾಗ ಬೀಳ್ತಿದೀಯ ನೋಡು ಗುರು. ಹೊಡೆಯೋವಾಗ ಅಲ್ಲ. ಹೊಡೆದು ತಲೆ ಎತ್ತಿದಾಗ" ಎಂದ.

ಅವನು ಹೇಳಿದ್ದು ನಿಜ. ಚೆಂಡು ಹಾರುವುದನ್ನು ನೋಡಲು ತಲೆ ತಿರುಗಿಸಿದ ಕೂಡಲೇ ಲೋಕ ಜಿಗಿಯುತ್ತಿತ್ತು. ಹಾಗಾಗಿ ನೋಡುವುದನ್ನು ಬಿಟ್ಟೆ. ಚೆಂಡಿನ ಹಿಂಬದಿಯಲ್ಲಿ ಮಣ್ಣಿನ ಕಲೆಯೊಂದನ್ನು ಆರಿಸಿಕೊಂಡು ಅದನ್ನೇ ನೋಡುವುದು. ಉಸಿರು ಬಿಡುತ್ತಾ ಅರ್ಧ ಮಾತ್ರ ಕೈಯೆತ್ತಿ ಹೊಡೆಯುವುದು. ಚೆಂಡು ಹೋದ ಮೇಲೂ ಅದಿದ್ದ ಖಾಲಿ ಜಾಗವನ್ನೇ ನೋಡುತ್ತಿರುವುದು. ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತೆ. ಹೆಬ್ಬೆರಳು, ಹಿಮ್ಮಡಿ ಎಷ್ಟೆಷ್ಟು ಒತ್ತುತ್ತಿವೆ ಎಂಬುದರಿಂದ ನೆಲದ ವಾಟ ತಿಳಿದುಕೊಳ್ಳತೊಡಗಿದೆ. ಮೈದಾನದ ಮರಳು ಗುಂಡಿಯಲ್ಲಿ ಪಾದಗಳನ್ನು ಹೂತುಕೊಂಡು ನಿಂತಾಗ ನಾನು ಮೊದಲಿನಷ್ಟೇ ಗಟ್ಟಿ ಎಂದು ಕಂಡುಕೊಂಡ ದಿನ ಆ ಗುಂಡಿಯಿಂದ ಹೊರಗೆ ಬರಲು ನನಗೆ ಮನಸ್ಸೇ ಆಗಲಿಲ್ಲ. ಇಳಿಜಾರು ಮಾತ್ರ ಕೈಗೆ ಹತ್ತಲಿಲ್ಲ. ನನಗೆ ಹೆಸರು ತಂದಿದ್ದ ಜಾಗವೇ ನನ್ನನ್ನು ಹೊರಗೆ ಹಾಕಿತ್ತು.

ಪ್ರತಿ ಹೊಡೆತದ ನಂತರವೂ ತಲೆ ತಗ್ಗಿಸಿಯೇ, "ಎಲ್ಲಿಗೆ ಹೋಯ್ತು?" ಎಂದು ಕೇಳುತ್ತಿದ್ದೆ. ದೊರೆಸ್ವಾಮಿ ಹೇಳುತ್ತಿದ್ದ. ಕೆಟ್ಟ ಹೊಡೆತವನ್ನು ಒಳ್ಳೆಯದೆಂದು ಒಮ್ಮೆಯೂ ಹೇಳಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಮೈದಾನದಲ್ಲಿ ಆಟ ಕಲಿಸಲು ಒಬ್ಬರು ಬೇಕಿತ್ತು. ನಾನು ಕೇಳಿದೆ. ಬೆಳಿಗ್ಗೆಯೇ ಕುಡಿದು ಬರುತ್ತಾನೆಂಬ ದೂರು ನನಗಿಂತ ಮೊದಲೇ ಗಾಲ್ಫ್ ಕ್ಲಬ್ಬಿನ ಕಮಿಟಿಯನ್ನು ತಲುಪಿತ್ತು. ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ತೋರಿಸಿದರೆ, "ಕಿವಿಗೂ ಕಾಲಿಗೂ ಏನ್ರೀ ಸಂಬಂಧ?" ಎಂದರೊಬ್ಬರು. ಕಮಿಟಿಯಲ್ಲಿ ಬಸವನಗುಡಿಯ ವಕೀಲರೊಬ್ಬರಿದ್ದರು. "ಮಾತು ಬೇಡ. ನಮ್ಮ ಜೊತೆ ಒಂದು ಆಟ ಆಡ್ಲಿ, ನೋಡೋಣ" ಎಂದರು.

ಅವತ್ತು ವಕೀಲರು, ಇನ್ನೊಬ್ಬ ಸದಸ್ಯರು, ನಾನು. ದೊರೆಸ್ವಾಮಿ ನನ್ನ ಚೀಲ ಹೊತ್ತ. ವೃತ್ತಿಯ ಆಟಗಾರನಾಗಿದ್ದವನು ಎಲ್ಲರೆದುರು ಮತ್ತೆ ಕ್ಯಾಡಿಯಾಗಿ ನಿಂತ, ನಾನು ಬೇಡವೆಂದರೂ ಕೇಳಲಿಲ್ಲ. ಸಪಾಟು ನೆಲದಲ್ಲಿ ಆಟ ಚೆನ್ನಾಗಿಯೇ ನಡೆಯಿತು. ನನ್ನ ನಡಿಗೆಯನ್ನು ವಕೀಲರು ಗಮನಿಸುತ್ತಿದ್ದುದು ಗೊತ್ತಾಗುತ್ತಿತ್ತು. ಅರ್ಧ ದಾಟುವ ಹೊತ್ತಿಗೆ ಮೋಡ ಮುಚ್ಚಿ ಬೆಳಕು ತಗ್ಗಿತು. ಬೆಳಕು ತಗ್ಗಿದರೆ ನನ್ನ ಅರ್ಧ ಜೀವ ಹೋದ ಹಾಗೆ. ಆ ದೊಡ್ಡ ದಿಬ್ಬದ ಬಳಿ ಬಂದಾಗ ನನ್ನ ಚೆಂಡು ಅದರ ಓರೆಯಲ್ಲಿ, ನನ್ನ ಪಾದಗಳಿಗಿಂತ ಕೆಳಗೆ ನಿಂತಿತ್ತು. ಗೊತ್ತಿರುವವರಿಗೆ ಗೊತ್ತು, ಅಲ್ಲಿ ಮುಂದಕ್ಕೆ ಬಗ್ಗಬೇಕು, ಬಗ್ಗಿದರೆ ಮೈ ಹೋಗಿಬಿಡುತ್ತದೆ.

"ಸುಮ್ನೆ ಪಕ್ಕಕ್ಕೆ ತಳ್ಳಿಬಿಡು ನಾಗ" ಎಂದು ದೊರೆಸ್ವಾಮಿ ಮೆಲ್ಲಗೆ ಹೇಳಿದ.

ಒಂದು ಹೊಡೆತ ಕಳೆದುಕೊಂಡು ಸಪಾಟು ನೆಲಕ್ಕೆ ತಳ್ಳಿದ್ದರೆ ಬುದ್ಧಿವಂತಿಕೆಯಾಗುತ್ತಿತ್ತು. ನಾನು ಬೂಟು ಬಿಚ್ಚಿದೆ. ಹಿಮ್ಮಡಿಗಳನ್ನು ಹುಲ್ಲಿನಲ್ಲಿ ಊರಿ, ಮೊಣಕಾಲು ಮಡಿಸಿ, ಚೆಂಡಿನ ಮೇಲಿದ್ದ ಹುಲ್ಲಿನ ಚೂರೊಂದರ ಮೇಲೆ ಕಣ್ಣಿಟ್ಟೆ. ಆ ಚೂರು ನಿಲ್ಲುವವರೆಗೂ ಕಾದೆ. ಹೊಡೆದೆ. ಕೈಗೆ ತಾಗಿದ್ದರಿಂದಲೇ ಸರಿಯಾಗಿದೆ ಎಂದು ತಿಳಿಯಿತು. ಆಮೇಲೆ ಬಿದ್ದೆ. ಪಕ್ಕಕ್ಕೆ ಬಿದ್ದು, ಉರುಳಿ, ದಿಬ್ಬದ ಬುಡದಲ್ಲಿ ಮುಖ ಅಡಿಯಾಗಿ ಬಿದ್ದುಕೊಂಡೆ.

"ಎಲ್ಲಿಗೆ ಹೋಯ್ತು?" ಎಂದು ನೆಲದಿಂದಲೇ ಕೇಳಿದೆ. ಮೊಣಕೈ ಊರಿ ಮುಖ ಎತ್ತಿದೆ. ಹೆಜ್ಜೆಗಳು ಹತ್ತಿರ ಬಂದವು. ವಕೀಲರು ನನ್ನ ಮುಖದ ಹತ್ತಿರಕ್ಕೆ ಬಗ್ಗಿದರು. ಇವರೂ ಮೂಸುತ್ತಾರೆ ಎಂದುಕೊಂಡು ನಾನು ಉಸಿರು ಬಿಗಿಹಿಡಿದೆ. ಅವರು ನನ್ನ ಹಣೆಗೆ ಅಂಟಿದ್ದ ಹುಲ್ಲು ತೆಗೆದರು.

"ಗ್ರೀನ್ ಮೇಲಿದೆ. ಬಾವುಟದ ಹತ್ರ" ಎಂದರು. ಆಮೇಲೆ, "ಏಳಿ, ನಿಧಾನ" ಎಂದು ಕೈ ಕೊಟ್ಟರು.

ಒಂದು ವಾರದ ನಂತರ ನನ್ನನ್ನು ಕರೆಸಿ ಅವರೇ ಹೇಳಿದರು. "ನೀವು ಕುಡಿಯಲ್ಲ ಅಂತ ಕಮಿಟಿಗೆ ಹೇಳಿದೀನಿ. ಹೊಸಬ್ರಿಗೆ ಕಲಿಸೋ ಕೆಲಸ ನಿಮ್ದು. ಆದ್ರೆ ಪಂದ್ಯಕ್ಕೆ ಕ್ಲಬ್ ಪರವಾಗಿ ನಿಮ್ಮನ್ನ ಕಳ್ಸೋಕಾಗಲ್ಲ ನಾಗರಾಜ್. ಅದು ನಿಮ್ಗೂ ಗೊತ್ತು."

"ಗೊತ್ತು ಸಾರ್" ಎಂದೆ. ಗೊತ್ತಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳುವವರೆಗೆ ಆಸೆಯ ಒಂದು ಎಳೆ ಹಿಡಿದುಕೊಂಡಿದ್ದೆನೆಂದು ಅವತ್ತೇ ತಿಳಿದದ್ದು. ಕ್ಯಾಡಿಗಳ ಷೆಡ್ಡಿನ ಹಿಂದೆ ಹೋಗಿ ಅತ್ತೆ. ಕೆಲಸ ಸಿಕ್ಕಿತಂತೆ, ಸಂತೋಷಕ್ಕೆ ಅಳುತ್ತಿದ್ದಾನೆ ಎಂದು ಯಾರೋ ಆಚೆಯಿಂದ ಅಂದರು. ಮೂವತ್ತರ ಗಡಿಯಲ್ಲೇ ನನ್ನ ಆಟ ಮುಗಿದಿತ್ತು.

ಕೆಲಸಕ್ಕೆ ಸೇರಿದ ಮೇಲೆ ಕಮಲ ಅಣ್ಣನ ಮುಂದೆ ಮತ್ತೆ ಮಾತೆತ್ತಿದಳು. ಈ ಸಲ ನಾನೂ ಮಾವಳ್ಳಿಗೆ ಹೋದೆ. ವೆಂಕಟೇಶ ಕುರ್ಚಿ ಎಳೆದು ಹಾಕಿದ, ಕಾಫಿ ತರಿಸಿದ, ನನ್ನ ಮುಖ ನೋಡಲಿಲ್ಲ. ಶಶಿ ಎತ್ತರವಾಗಿದ್ದಳು. ಅಜ್ಜಿಯ ಸೀರೆಯ ಹಿಂದೆ ನಿಂತು ನನ್ನ ಕಾಲುಗಳನ್ನೇ ನೋಡುತ್ತಿದ್ದಳು. ಕೈ ಚಾಚಿದರೆ ಬರಲಿಲ್ಲ.

"ಲಾಲ್‌ಬಾಗಿಗೆ ಹೋಗೋಣ್ವಾ?" ಎಂದು ಕಮಲ ಕೇಳಿದಳು. ಮಗಳು ಅದಕ್ಕೆ ಒಪ್ಪಿದಳು. ದಾರಿಯುದ್ದಕ್ಕೂ ಅವಳು ಅಮ್ಮನ ಆಚೆ ಬದಿ ಹಿಡಿದು ನಡೆದಳು. ಒಳಗೆ ಹೋದವಳೇ ಬಂಡೆಯ ಕಡೆಗೆ ಓಡಿದಳು. ಆ ವಯಸ್ಸಿನ ಮಕ್ಕಳೆಲ್ಲಾ ಆ ದೊಡ್ಡ ಬಂಡೆ ಹತ್ತುತ್ತಾರೆ.

"ನೀವು ಇಲ್ಲೇ ಕೂತಿರಿ, ನಾನು ಹೋಗ್ತೀನಿ" ಎಂದಳು ಕಮಲ.

ನಾನು ಚಪ್ಪಲಿ ಬಿಟ್ಟು ಹತ್ತಿದೆ. ಹತ್ತುವುದು ಕಷ್ಟವಾಗಲಿಲ್ಲ, ಕಣ್ಣೆದುರಿಗೇ ಕಲ್ಲು ಇರುತ್ತದೆ. ಮೇಲೆ ಮೂವರೂ ಗಾಳಿಗೆ ನಿಂತೆವು. ಕಮಲ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಇಳಿಯಲು ತಿರುಗಿದಾಗ ಎದುರಿಗೆ ಆಕಾಶವೇ ಇತ್ತು, ಕಣ್ಣಿಡಲು ಏನೂ ಸಿಗಲಿಲ್ಲ. ಕಾಲು ಕಿತ್ತಿಡಲಾಗಲಿಲ್ಲ. ಜನ ಪಕ್ಕದಲ್ಲಿ ಸಲೀಸಾಗಿ ಇಳಿದು ಹೋಗುತ್ತಿದ್ದರು. ಮಗಳು ನನ್ನನ್ನೇ ನೋಡುತ್ತಿದ್ದಳು.

ನಾನು ಕೂತುಬಿಟ್ಟೆ. ಅಂಗೈ, ಹಿಮ್ಮಡಿ ಎರಡನ್ನೂ ಕಲ್ಲಿಗೆ ಒತ್ತಿ, ಕೂತುಕೊಂಡೇ ಜರುಗುತ್ತಾ ಇಳಿಯತೊಡಗಿದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ಬಟ್ಟೆ ಉಜ್ಜುವ ಸದ್ದು ಕೇಳಿಸಿತು. ಶಶಿ ಫ್ರಾಕು ಮಡಿಸಿಕೊಂಡು ನನ್ನ ಹಾಗೇ ಕೂತು ಜರುಗುತ್ತಿದ್ದಳು. ನನಗಿಂತ ಮುಂದೆ ಹೋಗಬೇಕೆಂದು ನೋಡುತ್ತಿದ್ದಳು. ಹೋದಳು.

ಕೆಳಗೆ ಮುಟ್ಟಿ ಎದ್ದು ನಿಂತು, "ಅಪ್ಪಾ, ಇನ್ನೊಂದ್ಸಲ" ಎಂದಳು.

ನನ್ನ ಅಂಗೈ ಎರಡೂ ತರಚಿದ್ದವು. ಮೇಲಿನಿಂದ ಕಮಲ ಬೇಡವೆಂದು ತಲೆಯಾಡಿಸುತ್ತಿದ್ದಳು. ನಾನು ಬಂಡೆಯ ಕಡೆಗೆ ತಿರುಗಿ ಮತ್ತೆ ಹತ್ತತೊಡಗಿದೆ.